ದುಡಿತವನ್ನೇ ದೇವರೆಂದ ರೈತ ಕವಿ ಕಯ್ಯಾರ ಕಿಞ್ಞಣ್ಣ ರೈ



ನಮ್ಮ ಗೋಡೆ ಪತ್ರಿಕೆಯ ಮಹನೀಯರ ಪರಿಚಯಕ್ಕೆ ಈ ಸಲ ನಾನು ಬರೆಯುತ್ತಿದ್ದೇನೆ. ಈ ಜಾಗದಲ್ಲಿ ಸಾಮಾನ್ಯವಾಗಿ ರಾಜರು, ವೀರರು, ವಿಜ್ಞಾನಿಗಳು ಬರುತ್ತಾರೆ. ನನಗೆ ಒಬ್ಬ ರೈತರ ಬಗ್ಗೆ ಬರೆಯಬೇಕು ಅನ್ನಿಸಿತು. ಯಾಕೆಂದರೆ ನಮ್ಮ ಮೂಡಲಪಾಳ್ಯದ ಸುತ್ತ ಹಿಂದೆ ರಾಗಿ ಹೊಲ ಇತ್ತು, ಅವರೆ ಸಾಲು ಇತ್ತು ಅಂತ ಹಿರಿಯರು ಹೇಳುತ್ತಾರೆ. ಈಗ ಊರು ಬೆಂಗಳೂರಿನೊಳಗೇ ಸೇರಿಹೋಗಿದೆ. ಹೊಲ ಎಲ್ಲಾ ಸೈಟಾಗಿವೆ. ರೈತ ಅಂದರೆ ಪಾಠದ ಪುಸ್ತಕದ ಚಿತ್ರ ಅಂತ ನಮ್ಮಲ್ಲಿ ಕೆಲವರು ಅಂದುಕೊಂಡಿದ್ದೀವಿ. ಆದರೆ ಒಬ್ಬ ರೈತರು ಕವಿಯಾಗಿದ್ದರು, ಮೇಷ್ಟ್ರಾಗಿದ್ದರು, ಸ್ವಾತಂತ್ರ್ಯ ಹೋರಾಟಗಾರರಾಗಿದ್ದರು, ಎಂಟು ಮಕ್ಕಳ ತಂದೆಯಾಗಿದ್ದರು, ಮೇಲಾಗಿ ನೂರು ವರ್ಷ ಬದುಕಿದ್ದರು ಅಂದರೆ ನಂಬುತ್ತೀರಾ? ಅವರೇ ಕಯ್ಯಾರ ಕಿಞ್ಞಣ್ಣ ರೈ.

ಅವರು ತೀರಿಕೊಂಡಾಗ ನಾವು ಏಳನೇ ತರಗತಿಯವರು ಅಂಬೆಗಾಲಿಡುತ್ತಿದ್ದೆವು. ಚಿಕ್ಕ ತರಗತಿಯ ತಮ್ಮ ತಂಗಿಯರು ಹುಟ್ಟಿರಲೇ ಇಲ್ಲ. ಆದ್ದರಿಂದ ಎಲ್ಲಾ ಮೊದಲಿನಿಂದಲೇ ಹೇಳುತ್ತೇನೆ.

ಹೆಸರಿನ ಕಥೆ

ಮೊದಲು ಅವರ ಹೆಸರನ್ನೇ ನೋಡೋಣ. ನಾವು ವರ್ಣಮಾಲೆಯಲ್ಲಿ ಚ ಛ ಜ ಝ ಞ ಅಂತ ಬಾಯಿಪಾಠ ಮಾಡುತ್ತೇವೆ. ಆದರೆ ಆ ಕೊನೆಯ ಞ ಅಕ್ಷರಕ್ಕೆ ಕೆಲಸವೇ ಇಲ್ಲ ಅಂತ ನಾನು ಅಂದುಕೊಂಡಿದ್ದೆ. ಇವರ ಹೆಸರಿನಲ್ಲಿ ಅದು ಎರಡು ಸಲ ಬರುತ್ತದೆ, ಒಂದಕ್ಕೊಂದು ಒತ್ತಾಗಿ. ತುಳು ಭಾಷೆಯಲ್ಲಿ ಕಿಞ್ಞ ಅಂದರೆ ಚಿಕ್ಕದು. ಕಿಞ್ಞಣ್ಣ ಅಂದರೆ ಚಿಕ್ಕಣ್ಣ. ಕಯ್ಯಾರ ಅನ್ನುವುದು ಅವರು ಹುಟ್ಟಿದ ಊರು. ಅಂದರೆ ಕಯ್ಯಾರ ಊರಿನ ಚಿಕ್ಕಣ್ಣ ರೈ. ಈಗ ಹೆಸರು ಕಷ್ಟ ಅನ್ನಿಸುವುದಿಲ್ಲ ಅಲ್ವಾ?

ಜನನ ಮತ್ತು ಬಾಲ್ಯ

ಕಿಞ್ಞಣ್ಣ ರೈಯವರು 1915ನೇ ಇಸವಿ ಜೂನ್ 8ರಂದು ಕಾಸರಗೋಡು ತಾಲ್ಲೂಕಿನ ಕಯ್ಯಾರದಲ್ಲಿ ಹುಟ್ಟಿದರು. ತಂದೆ ದುಗ್ಗಪ್ಪ ರೈ, ತಾಯಿ ದೇಯಕ್ಕ. ಆಗ ಬ್ರಿಟಿಷರ ಆಳ್ವಿಕೆ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಆ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ಮಹಾರಾಜರ ರಾಜ್ಯದಲ್ಲಿದ್ದ ನಮ್ಮ ಊರಿಗೂ ಅವರ ಊರಿಗೂ ಆಗ ಸರ್ಕಾರವೇ ಬೇರೆ.

ಅವರ ಮನೆಮಾತು ತುಳು. ಕನ್ನಡವನ್ನು ಅವರು ಶಾಲೆಯಲ್ಲಿ ಕಲಿತರು. ಇದನ್ನು ನಾನು ಬೇಕೆಂದೇ ಒತ್ತಿ ಬರೆಯುತ್ತಿದ್ದೇನೆ. ನಮ್ಮ ತರಗತಿಯಲ್ಲೂ ಮನೆಯಲ್ಲಿ ತೆಲುಗು, ತಮಿಳು, ಉರ್ದು, ಮರಾಠಿ ಮಾತಾಡುವವರು ಇದ್ದಾರೆ. ಕನ್ನಡ ಬರವಣಿಗೆ ನಮಗೆಲ್ಲಿ ಬರುತ್ತದೆ ಅಂತ ಪತ್ರಿಕೆಗೆ ಬರೆಯಲು ಹಿಂದೆ ಸರಿಯುತ್ತಾರೆ. ಶಾಲೆಯಲ್ಲಿ ಕನ್ನಡ ಕಲಿತ ಹುಡುಗ ಮುಂದೆ ಕನ್ನಡದ ದೊಡ್ಡ ಕವಿಯಾದರು, ಕನ್ನಡಕ್ಕಾಗಿಯೇ ಹೋರಾಡಿದರು ಅನ್ನುವುದನ್ನು ಅವರು ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ಸಂತೋಷದ ಸಂಗತಿ. ಕಿಞ್ಞಣ್ಣ ರೈಯವರು ತಮ್ಮ 12ನೇ ವಯಸ್ಸಿನಲ್ಲಿ ಒಂದು ಕೈಬರಹದ ಪತ್ರಿಕೆ ಮಾಡಿದರು. ಅದರ ಹೆಸರು ಸುಶೀಲಾ. ನಮ್ಮ ಪತ್ರಿಕೆಯ ಹಾಗೇ, ಅಚ್ಚಿನದಲ್ಲ, ಕೈಯಲ್ಲಿ ಬರೆದದ್ದು. ಕೈಬರಹದ ಪತ್ರಿಕೆ ಅಂದರೆ ಪ್ರತಿ ಅಕ್ಷರವನ್ನೂ ಕೂತು ದುಂಡಾಗಿ ಬರೆಯಬೇಕು, ತಪ್ಪಾದರೆ ಹಾಳೆಯೇ ಹೋಯಿತು. ಆ ಕಷ್ಟ ನಮಗೆ ಗೊತ್ತು. ನಾವು ಏಳನೇ ತರಗತಿಯವರಿಗೂ ಈಗ 12 ವರ್ಷವೇ. ಅಂಥ ಹಾಳೆಗಳಿಂದ ಶುರು ಮಾಡಿದವರು ಮುಂದೆ ಮಂಗಳೂರಿನ ಸ್ವದೇಶಾಭಿಮಾನಿಯಂಥ ಪತ್ರಿಕೆಗಳಲ್ಲಿ ಬರೆದರು, ಪತ್ರಕರ್ತರೂ ಆದರು.

ಗಾಂಧೀಜಿಯ ದಾರಿ

ಕಿಞ್ಞಣ್ಣ ರೈಯವರು ಕನ್ನಡ ಮತ್ತು ಸಂಸ್ಕೃತ ಎರಡನ್ನೂ ಚೆನ್ನಾಗಿ ಓದಿದರು. ಅವರು ಬೆಳೆಯುತ್ತಿದ್ದ ಕಾಲದಲ್ಲಿ ದೇಶದಲ್ಲೆಲ್ಲಾ ಸ್ವಾತಂತ್ರ್ಯದ ಗಾಳಿ ಬೀಸುತ್ತಿತ್ತು. ಗಾಂಧೀಜಿಯವರು 1920, 1927 ಮತ್ತು 1934ರಲ್ಲಿ ಮೂರು ಸಲ ಮಂಗಳೂರಿಗೆ ಬಂದಿದ್ದರು. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್ ಅಷ್ಟೆ. ಆ ಗಾಳಿ ಕಯ್ಯಾರದ ಯುವಕನಿಗೂ ತಾಗಿತು. ಗಾಂಧೀಜಿಯ ವಿಚಾರಗಳಿಗೆ ಮನಸೋತು ರೈಯವರು ಚಳವಳಿಗೆ ಇಳಿದರು, ಖಾದಿ ಉಟ್ಟರು.

ಗಾಂಧೀಜಿಯಿಂದ ಅವರು ಕಲಿತದ್ದರಲ್ಲಿ ಮುಖ್ಯವಾದದ್ದು ಮೈಮುರಿದು ದುಡಿಯುವುದಕ್ಕೆ ನಾಚಬಾರದು ಅನ್ನುವುದು ಅಂತ ನನಗೆ ಅನ್ನಿಸುತ್ತದೆ. ಆಗಿನ ಕಾಲದಲ್ಲಿ ಓದಿದವರು ಮಣ್ಣು ಮುಟ್ಟಿದರೆ ಮರ್ಯಾದೆ ಹೋಗುತ್ತದೆ ಅನ್ನುವ ಭಾವನೆ ಇತ್ತು. ಈಗಲೂ ಇದೆ ಬಿಡಿ. ಓದಿದ ಮೇಲೂ ಮಣ್ಣಿಗೆ ಇಳಿದವರು ರೈಯವರು.

ಮೇಷ್ಟ್ರೂ ಹೌದು, ರೈತರೂ ಹೌದು

ರೈಯವರು ಬದಿಯಡ್ಕದ ಹತ್ತಿರ ಪೆರಡಾಲದಲ್ಲಿ ನೆಲೆ ನಿಂತರು. ಅಲ್ಲಿನ ನವಜೀವನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿ ಪಾಠ ಹೇಳಿದರು. ಒಳ್ಳೆಯ ಶಿಕ್ಷಕರಿಗೆ ಕೊಡುವ ರಾಷ್ಟ್ರಪ್ರಶಸ್ತಿ 1969ರಲ್ಲಿ ಅವರಿಗೆ ಬಂತು. ಶಾಲೆಯ ಜೊತೆಗೇ ಬೇಸಾಯವನ್ನೂ ಮಾಡಿದರು. ಅವರ ಮನೆಯ ಹೆಸರು ಕವಿತಾ ಕುಟೀರ. ಹೆಸರು ಕೇಳಿದರೆ ಬರೀ ಕವಿತೆ ಬರೆಯುವ ಜಾಗ ಅನ್ನಿಸುತ್ತದೆ. ಆದರೆ ಅದು ರೈತರ ಮನೆಯೂ ಆಗಿತ್ತು.

ಕಾಸರಗೋಡಿನ ಬೇಸಾಯ ನಮ್ಮ ಕಡೆಯ ಹಾಗಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ, ಅಲ್ಲಿ 3000 ಮಿಲಿಮೀಟರ್‌ಗಿಂತ ಹೆಚ್ಚು. ಅಷ್ಟು ಮಳೆ ಇದ್ದರೆ ನೀರಿಗೇನು ಬರ ಅಂತ ನಾನೂ ಮೊದಲು ಕೇಳಿದ್ದೆ. ಆದರೆ ಅಲ್ಲಿ ಗುಡ್ಡಗಳೇ ಹೆಚ್ಚು, ಮುರಕಲ್ಲಿನ ನೆಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆ ಇಳಿಜಾರಿನಲ್ಲಿ ಹರಿದು ಸಮುದ್ರ ಸೇರಿಬಿಡುತ್ತದೆ. ಬೇಸಿಗೆಯಲ್ಲಿ ಕುಡಿಯುವುದಕ್ಕೂ ಕಷ್ಟ. ಅದಕ್ಕೆ ಆ ಕಡೆಯ ರೈತರು ಒಂದು ಉಪಾಯ ಕಂಡುಕೊಂಡಿದ್ದಾರೆ. ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡವಾಗಿ, ಒಬ್ಬ ಮನುಷ್ಯ ಹೋಗುವಷ್ಟು ಸುರಂಗ ಅಗೆಯುತ್ತಾರೆ. ಸುರಂಗ ಒಳಗೆ ಹೋಗುತ್ತಾ ಸ್ವಲ್ಪ ಸ್ವಲ್ಪ ಮೇಲಕ್ಕೆ ಏರುತ್ತದೆ. ಒಳಗೆ ಒಸರುವ ನೀರು ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಕೆಲವು ಸುರಂಗಗಳು ನೂರು ಮೀಟರಿಗಿಂತ ಉದ್ದ ಇವೆ. ಎಷ್ಟು ದಿನ ಅಗೆದರೂ ನೀರು ಸಿಗದೆ ಹೋಗುವುದೂ ಉಂಟು. ಆಗ ಇನ್ನೊಂದು ಕಡೆ ಶುರು ಮಾಡಬೇಕು.

ಅಲ್ಲಿನ ಮುಖ್ಯ ಬೆಳೆ ಅಡಿಕೆ, ತೆಂಗು, ಭತ್ತ. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ 1916ರಲ್ಲೇ ಶುರುವಾಯಿತು, ಅಂದರೆ ರೈಯವರು ಒಂದು ವರ್ಷದ ಮಗುವಾಗಿದ್ದಾಗ. ಅಡಿಕೆ ಸಸಿ ನೆಟ್ಟರೆ ಫಸಲು ನೋಡಲು ಐದಾರು ವರ್ಷ ಕಾಯಬೇಕು. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಹಸಿರು ಕಾಯಿಗಳೆಲ್ಲಾ ಉದುರಿ ಬೀಳುತ್ತವೆ. ಅದನ್ನು ತಡೆಯಲು ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಮಾಡಿ ಗೊನೆಗಳಿಗೆ ಹೊಡೆಯಬೇಕು. ಜಾರುವ ಮರ ಹತ್ತಿ ಹೊಡೆಯಬೇಕು. ಹಣ್ಣಡಿಕೆ ಕೊಯ್ದ ಮೇಲೂ ಕೆಲಸ ಮುಗಿಯಲ್ಲ. ಅಂಗಳದಲ್ಲಿ ಸುಮಾರು ನಲವತ್ತು ದಿನ ಬಿಸಿಲಿಗೆ ಒಣಗಿಸಿ ಸುಲಿದರೆ ಚಾಲಿ ಅಡಿಕೆ ಸಿಗುತ್ತದೆ. ಮದುವೆ ಮನೆಯ ತಟ್ಟೆಯಲ್ಲಿ ಇರುವ ಒಂದು ಅಡಿಕೆ ಹೋಳಿನ ಹಿಂದೆ ಇಷ್ಟೆಲ್ಲಾ ಇದೆ.

ಇದನ್ನೆಲ್ಲಾ ಯಾಕೆ ಬರೆದೆ ಅಂದರೆ, ಅಡಿಕೆ ತೋಟ ಮಾಡುವವರಿಗೆ ತಾಳ್ಮೆ ಬೇಕು. ಮೇಷ್ಟ್ರ ಕೆಲಸಕ್ಕೂ ತಾಳ್ಮೆಯೇ ಬೇಕು. ಇವತ್ತು ನೆಟ್ಟದ್ದು ನಾಳೆಯೇ ಫಲ ಕೊಡುವುದಿಲ್ಲ. ರೈಯವರು ಎರಡನ್ನೂ ಮಾಡಿದರು. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರೇ ದುಡಿತವೆ ನನ್ನ ದೇವರು. ದುಡಿತ ಅಂದರೆ ದುಡಿಮೆ. ಆ ಹೆಸರಿನಲ್ಲಿ ಕವಿತೆಯ ಸುದ್ದಿಯಿಲ್ಲ, ಪ್ರಶಸ್ತಿಯ ಸುದ್ದಿಯಿಲ್ಲ, ದುಡಿಮೆ ಒಂದೇ ಇದೆ.

ದೊಡ್ಡ ಸಂಸಾರ

ರೈಯವರ ಹೆಂಡತಿಯ ಹೆಸರು ಉಂಞ್ಞಕ್ಕ. ಇಲ್ಲೂ ನಮ್ಮ ಞ ಬಂತು ನೋಡಿ! ಅವರಿಗೆ ಎಂಟು ಜನ ಮಕ್ಕಳು. ಒಬ್ಬ ಶಾಲಾ ಮೇಷ್ಟ್ರ ಸಂಬಳ ಎಷ್ಟಿರುತ್ತದೆ ಅಂತ ನಾವೇ ಊಹಿಸಬಹುದು. ಎಂಟು ಮಕ್ಕಳ ಸಂಸಾರಕ್ಕೆ ಮಣ್ಣೂ ಆಸರೆಯಾಗಬೇಕು. ಮಹನೀಯರ ಕಥೆ ಬರೆಯುವಾಗ ಮನೆಯಲ್ಲಿ ಒಲೆ ಉರಿಸಿದವರ ಹೆಸರನ್ನು ನಾವು ಬಿಟ್ಟುಬಿಡುತ್ತೇವೆ. ಮನೆ ತುಂಬಾ ಮಕ್ಕಳು, ಅಂಗಳದಲ್ಲಿ ಒಣಗುವ ಅಡಿಕೆ, ಗಂಡ ಶಾಲೆಗೆ, ಸಭೆಗೆ, ಚಳವಳಿಗೆ ಹೋಗುವವರು. ಇಂಥ ಮನೆ ನಡೆಯಬೇಕಾದರೆ ಉಂಞ್ಞಕ್ಕನವರ ದುಡಿಮೆ ಎಷ್ಟಿರಬೇಕು? ದುಡಿಮೆಯೇ ದೇವರು ಅನ್ನುವ ಮಾತು ಆ ಅಮ್ಮನಿಗೂ ಸಲ್ಲಬೇಕು ಅಂತ ನನ್ನ ಅಭಿಪ್ರಾಯ.

ಊರ ಕೆಲಸಕ್ಕೂ ರೈಯವರು ಹಿಂದೆ ಬೀಳಲಿಲ್ಲ. ಬದಿಯಡ್ಕ ಪಂಚಾಯತಿಯ ಅಧ್ಯಕ್ಷರಾಗಿಯೂ ಹಲವು ವರ್ಷ ದುಡಿದರು.

ಮನೆ ಅಲ್ಲೇ ಇತ್ತು, ವಿಳಾಸ ಬದಲಾಯಿತು

ಈಗ ಅವರ ಜೀವನದ ದೊಡ್ಡ ನೋವಿನ ವಿಷಯ. 1948ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಾಸರಗೋಡಿನಲ್ಲೇ ನಡೆದಿತ್ತು. ಕನ್ನಡ ಮಾತಾಡುವ ಊರುಗಳೆಲ್ಲಾ ಒಂದೇ ರಾಜ್ಯವಾಗುತ್ತವೆ ಅಂತ ಎಲ್ಲರೂ ಕನಸು ಕಾಣುತ್ತಿದ್ದ ಕಾಲ ಅದು. ರೈಯವರೂ ಆ ಕನಸಿಗಾಗಿ ಕವಿತೆ ಬರೆದರು. ಐಕ್ಯಗಾನ ಅನ್ನುವುದು ಅವರ ಒಂದು ಕವನ ಸಂಕಲನದ ಹೆಸರು.

1956ನೇ ಇಸವಿ ನವೆಂಬರ್ 1. ನಾವು ಪ್ರತಿ ವರ್ಷ ಬಾವುಟ ಹಾರಿಸಿ, ಸಿಹಿ ಹಂಚಿ ಸಂಭ್ರಮಿಸುವ ದಿನ. ಅದೇ ದಿನ ಕಾಸರಗೋಡು ತಾಲ್ಲೂಕು ಹೊಸ ಕೇರಳ ರಾಜ್ಯಕ್ಕೆ ಸೇರಿಹೋಯಿತು. ನಮಗೆ ಹಬ್ಬವಾದ ದಿನವೇ ಅಲ್ಲಿನ ಕನ್ನಡಿಗರಿಗೆ ದುಃಖದ ದಿನ. ರೈಯವರು ಆಗ ಬರೆದ ಕವಿತೆಯಲ್ಲಿ ನಾಡನ್ನು ಬೆಂಕಿ ಬಿದ್ದ ಮನೆಗೆ ಹೋಲಿಸಿ, ಆರಿಸಲು ಬನ್ನಿ ಅಂತ ಕನ್ನಡಿಗರನ್ನೆಲ್ಲಾ ಕೂಗಿ ಕರೆದರು. ಕವಿತೆ ಬರೆದು ಮನೆಯಲ್ಲಿ ಕೂರಲಿಲ್ಲ. ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕು ಅನ್ನುವ ಹೋರಾಟದ ಮುಂದಾಳುಗಳಲ್ಲಿ ಒಬ್ಬರಾದರು.

ಮುಂದೆ 1966ರಲ್ಲಿ ಕೇಂದ್ರ ಸರ್ಕಾರ ಮಹಾಜನ್ ಆಯೋಗ ಮಾಡಿತು. 1967ರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಮ್ಮ ರಾಜ್ಯಕ್ಕೆ ಸೇರಬೇಕು ಅಂತ ಆಯೋಗ ಹೇಳಿತು. ರೈಯವರ ಊರು ಆ ಭಾಗದಲ್ಲೇ ಇದೆ. ಆದರೆ ವರದಿ ಜಾರಿಗೆ ಬರಲೇ ಇಲ್ಲ. ಕಾಸರಗೋಡು ಕೇರಳದಲ್ಲೇ ಉಳಿಯಿತು.

ಒಂದು ಲೆಕ್ಕ ಹಾಕೋಣ. ರೈಯವರು ಹುಟ್ಟಿದಾಗ ಅವರ ಊರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. 1956ರಲ್ಲಿ ಕೇರಳದ ಮಲಬಾರ್ ಜಿಲ್ಲೆ. 1957ರಲ್ಲಿ ಕಣ್ಣೂರು ಜಿಲ್ಲೆ. 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆ. ಮಣ್ಣು ಅದೇ, ಮರ ಅದೇ, ಮೇಲೆ ಬರೆಯುವ ವಿಳಾಸ ಮಾತ್ರ ಮೂರು ಸಲ ಬೇರೆಯಾಯಿತು. ನಕ್ಷೆಯಲ್ಲಿ ಯಾರೋ ಗೆರೆ ಎಳೆದರೆ ಅಡಿಕೆ ಮರವೇನೂ ಆಚೆ ಈಚೆ ಹೋಗುವುದಿಲ್ಲ. ರೈಯವರೂ ಹೋಗಲಿಲ್ಲ. ಗಡಿ ದಾಟಿ ಮಂಗಳೂರಿಗೋ ಬೆಂಗಳೂರಿಗೋ ಬಂದು ನೆಲೆಸದೆ, ತಮ್ಮ ತೋಟ, ತಮ್ಮ ಊರಿನಲ್ಲೇ ಉಳಿದರು. 1956ರ ಮೇಲೆ 59 ವರ್ಷ ಹಾಗೇ ಬದುಕಿದರು.

ಹೋರಾಟ ಬೇರೆ, ದ್ವೇಷ ಬೇರೆ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ವಿಷಯ. ಕಾಸರಗೋಡು ಕೇರಳಕ್ಕೆ ಸೇರಿತು ಅಂತ ಅಷ್ಟು ಹೋರಾಡಿದವರು ಮಲಯಾಳ ಭಾಷೆಯನ್ನು ದ್ವೇಷಿಸಿರಬೇಕು ಅಂತ ಯಾರಾದರೂ ಅಂದುಕೊಳ್ಳಬಹುದು. ಹಾಗಲ್ಲ. ಮಲಯಾಳದ ಮಹಾಕವಿ ಕುಮಾರನ್ ಆಶಾನ್ ಅವರ ಕವಿತೆಗಳನ್ನು ರೈಯವರು ಕನ್ನಡಕ್ಕೆ ತಂದರು. ಮಲಯಾಳ ಸಾಹಿತ್ಯದ ಚರಿತ್ರೆಯನ್ನೂ ಕನ್ನಡಕ್ಕೆ ಅನುವಾದಿಸಿದರು. ಕುಮಾರನ್ ಆಶಾನ್ ಜಾತಿಯ ಕಟ್ಟುಪಾಡಿನ ವಿರುದ್ಧ ಬರೆದ ಕವಿ, 1924ರಲ್ಲಿ ದೋಣಿ ಮುಳುಗಿ ತೀರಿಕೊಂಡರು. ಅಂಥವರನ್ನು ಕನ್ನಡಿಗರು ಓದಬೇಕು ಅಂತ ರೈಯವರಿಗೆ ಅನ್ನಿಸಿತು. ನಮ್ಮ ಭಾಷೆಗೆ ನ್ಯಾಯ ಕೇಳುವುದು ಒಂದು, ಪಕ್ಕದ ಭಾಷೆಯನ್ನು ಬಯ್ಯುವುದು ಇನ್ನೊಂದು. ಕ್ರಿಕೆಟ್ ಆಡುವಾಗ ಜಗಳ ಬಂದರೆ ನಾವು ಮೊದಲು ಎತ್ತುವುದೇ ಭಾಷೆಯ ಮಾತು. ಅದಕ್ಕೇ ಇದನ್ನು ಬರೆದೆ.

ತಮ್ಮ ಮನೆಮಾತನ್ನೂ ಅವರು ಮರೆಯಲಿಲ್ಲ. ತುಳುವಿನಲ್ಲೂ ಕವಿತೆ ಬರೆದರು. ಹೀಗೆ ತುಳು ತಾಯಿಯ ಮಡಿಲಲ್ಲಿ, ಕನ್ನಡ ಶಾಲೆಯಲ್ಲಿ, ಮಲಯಾಳ ನೆರೆಯಲ್ಲಿ. ಸಂಸ್ಕೃತ ಬೇರೆ. ನಾಲ್ಕು ಭಾಷೆ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇದ್ದವು.

ಬರೆದ ಪುಸ್ತಕಗಳು

ಶ್ರೀಮುಖ, ಐಕ್ಯಗಾನ, ಪುನರ್ನವ, ಚೇತನ, ಕೊರಗ, ಶತಮಾನದ ಗಾನ ಇವು ಅವರ ಕವನ ಸಂಕಲನಗಳು. ಕಥೆಗಳನ್ನೂ ಬರೆದಿದ್ದಾರೆ, ಮಕ್ಕಳಿಗಾಗಿ ಪದ್ಯಗಳನ್ನೂ ಬರೆದಿದ್ದಾರೆ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಯವರ ಬಗ್ಗೆಯೂ ಪುಸ್ತಕ ಬರೆದಿದ್ದಾರೆ. ಗೋವಿಂದ ಪೈಯವರ ಮಂಜೇಶ್ವರವೂ 1956ರಲ್ಲಿ ಕೇರಳಕ್ಕೆ ಹೋದ ಊರೇ.

ಕೊರಗ ಅನ್ನುವ ಹೆಸರಿನ ಬಗ್ಗೆ ಎರಡು ಮಾತು. ಕೊರಗರು ಆ ಕರಾವಳಿಯ ಒಂದು ಬುಡಕಟ್ಟಿನ ಜನ. ಬುಟ್ಟಿ ಹೆಣೆಯುವುದರಲ್ಲಿ ನಿಪುಣರು. ಅವರನ್ನು ಬಹಳ ಕೀಳಾಗಿ ಕಾಣುತ್ತಿದ್ದರು. ಅಜಲು ಅನ್ನುವ ಪದ್ಧತಿಯಲ್ಲಿ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದರಂತೆ. ಓದಿದಾಗ ನನಗೆ ಊಟ ಸೇರಲಿಲ್ಲ. ಕರ್ನಾಟಕ ಸರ್ಕಾರ 2000ನೇ ಇಸವಿಯಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. ಅಷ್ಟು ಕೆಳಗೆ ತಳ್ಳಿಸಿಕೊಂಡ ಜನರ ಹೆಸರನ್ನು ರೈಯವರು ತಮ್ಮ ಪುಸ್ತಕದ ಮೇಲೆ ಬರೆದರು. ಅನ್ನ ಬೆಳೆಯುವ ರೈತನಿಗೆ ಅನ್ನದ ಅವಮಾನ ಬೇಗ ಅರ್ಥವಾಗುತ್ತದೆ ಅಂತ ಕಾಣುತ್ತದೆ.

ಗೌರವಗಳು

1997ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ 66ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದು ದೇಶಕ್ಕೆ ಸ್ವಾತಂತ್ರ್ಯ ಬಂದು 50 ವರ್ಷ ತುಂಬಿದ ವರ್ಷ. ಸಮ್ಮೇಳನದ ಅಧ್ಯಕ್ಷರು ಕಿಞ್ಞಣ್ಣ ರೈ. ಆಗ ಅವರಿಗೆ 82 ವರ್ಷ. ಸಮ್ಮೇಳನದ ಅಧ್ಯಕ್ಷತೆ ಕನ್ನಡ ಸಾಹಿತಿಗೆ ಸಿಗುವ ಬಹಳ ದೊಡ್ಡ ಗೌರವ. ಕರ್ನಾಟಕದೊಳಗೆ ಬರಲಾಗದ ಊರಿನವರನ್ನು ಕರ್ನಾಟಕವೇ ಕರೆದು ಆ ಪೀಠದಲ್ಲಿ ಕೂರಿಸಿತು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. ಮಂಗಳೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು.

ಕೊನೆಯ ದಿನ

2015ರ ಜೂನ್ 8ಕ್ಕೆ ಅವರಿಗೆ ನೂರು ವರ್ಷ ತುಂಬಿತು. ಎರಡು ತಿಂಗಳ ಮೇಲೆ, ಆಗಸ್ಟ್ 9ರಂದು, ಬದಿಯಡ್ಕದ ಮನೆಯಲ್ಲಿ ತೀರಿಕೊಂಡರು. ಆಗಸ್ಟ್ 9 ಯಾವ ದಿನ ಗೊತ್ತಾ? 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾದ ದಿನ. ಗಾಂಧೀಜಿಯ ದಾರಿ ಹಿಡಿದವರು ಅದೇ ತಾರೀಖಿಗೆ ಹೋದರು.

ನಾನು ಕಲಿತದ್ದು

ಈ ಲೇಖನ ಬರೆಯುವಾಗ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ರೈಯವರ ಜೀವನದ ದೊಡ್ಡ ಆಸೆ ನೆರವೇರಲಿಲ್ಲವಲ್ಲ? ಕಾಸರಗೋಡು ಈಗಲೂ ಕೇರಳದಲ್ಲೇ ಇದೆ. ಹಾಗಾದರೆ ಅವರು ಸೋತರಾ?

ಯೋಚನೆ ಮಾಡಿದೆ. ನಮಗೆ ಬೇಕಾದದ್ದು ಸಿಗದಿದ್ದರೆ ನಾವು ಏನು ಮಾಡುತ್ತೇವೆ? ಮುನಿಸಿಕೊಳ್ಳುತ್ತೇವೆ, ಮಾಡುವ ಕೆಲಸವನ್ನೂ ಬಿಟ್ಟು ಕೂರುತ್ತೇವೆ. ರೈಯವರು ಕೇಳುವುದನ್ನೂ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಪಾಠ ಹೇಳಿದರು, ತೋಟ ಮಾಡಿದರು, ಎಂಟು ಮಕ್ಕಳನ್ನು ಬೆಳೆಸಿದರು, ಬರೆಯುತ್ತಲೇ ಇದ್ದರು. ಕಾಸರಗೋಡಿನಲ್ಲಿ ಇವತ್ತಿಗೂ ಕನ್ನಡ ಶಾಲೆಗಳಿವೆ, ಕನ್ನಡದಲ್ಲಿ ಓದುವ ಮಕ್ಕಳಿದ್ದಾರೆ. ಅವರಂಥ ಮೇಷ್ಟ್ರುಗಳು ಊರು ಬಿಟ್ಟು ಹೋಗಿದ್ದರೆ ಆ ಶಾಲೆಗಳ ಗತಿ ಏನಾಗುತ್ತಿತ್ತು? ನೆಟ್ಟವರಿಗೆ ಕಾಣದ ಫಸಲು ಇದೂ ಒಂದು. ಆದ್ದರಿಂದ ಅವರು ಸೋತರು ಅಂತ ನಾನು ಬರೆಯಲಾರೆ.

ಗೆಳೆಯ ಗೆಳತಿಯರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಅಜ್ಜ ಅಜ್ಜಿಯರಲ್ಲಿ ಹೊಲ ಗದ್ದೆ ಮಾಡಿದವರು ಇದ್ದರೆ, ಅವರು ಏನು ಬೆಳೆಯುತ್ತಿದ್ದರು, ನೀರು ಎಲ್ಲಿಂದ ತರುತ್ತಿದ್ದರು, ಮನೆಯಲ್ಲಿ ಎಷ್ಟು ಜನ ಇದ್ದರು ಅಂತ ಕೇಳಿ ಬರೆದುಕೊಂಡು ಬನ್ನಿ. ಕನ್ನಡದಲ್ಲಿ ತಪ್ಪು ಬಂದರೂ ಪರವಾಗಿಲ್ಲ, ಮೇಷ್ಟ್ರು ತಿದ್ದುತ್ತಾರೆ. ಮುಂದಿನ ಸಂಚಿಕೆಯ ಈ ಜಾಗ ಖಾಲಿ ಇದೆ.

ಇಂತಿ,
ಏಳನೇ ತರಗತಿಯ ಒಬ್ಬ ವಿದ್ಯಾರ್ಥಿನಿ
ಮೂಡಲಪಾಳ್ಯ